ಸಸಿ ನೆಡುವ ಮೊದಲು ಕಸದ ರಾಶಿಯ ಮುಂದೆ ಕುಳಿತುಕೊಳ್ಳಿ

ಪ್ರಶ್ನೆ: ನಾನು ನಮ್ಮ ಧರ್ಮಕೇಂದ್ರದ (ಪ್ಯಾರಿಷ್) ಯುವಜನ ಸಂಘದ ಸಂಚಾಲಕಿ. ವಿಶ್ವಗುರು (ಪೋಪ್) ಫ್ರಾನ್ಸಿಸ್ ಅವರು ಪರಿಸರದ ಪಾಲನೆಯ ಕುರಿತು ಬರೆದ ‘ಲೌದಾತೊ ಸೀ’ ವಿಶ್ವಪತ್ರವನ್ನು ಸಂಘದಲ್ಲಿ ಓದಿ ಚರ್ಚಿಸಿದೆವು. ಆ ಉತ್ಸಾಹದಲ್ಲಿ ಎರಡು ವರ್ಷ ಸಸಿಗಳನ್ನು ನೆಟ್ಟೆವು, ಹೆಚ್ಚಿನವು ಒಣಗಿಹೋದವು. ಈಗ ಕೆಲವು ಹಿರಿಯರು ಇದು ಧರ್ಮಸಭೆಯ ಕೆಲಸವೇ ಅಲ್ಲ ಎನ್ನುತ್ತಾರೆ, ಇನ್ನು ಕೆಲವರು ಇದು ರಾಜಕೀಯ ಎನ್ನುತ್ತಾರೆ. ನಾವು ಹತ್ತು ಹನ್ನೆರಡು ಮಂದಿ ಸೇರಿ ಏನು ಬದಲಾಯಿಸಲು ಸಾಧ್ಯ ಎಂದು ಸಂಘದವರೇ ಕೇಳತೊಡಗಿದ್ದಾರೆ. ಓದಿದ ಬೋಧನೆಯನ್ನು ಸಮುದಾಯದ ಕೆಲಸವಾಗಿ ಮಾಡುವುದು ಹೇಗೆ?

ಉತ್ತರ: ನಿಮ್ಮ ಸಸಿಗಳು ಒಣಗಿದ್ದು ನಿಮ್ಮ ವಿಶ್ವಾಸದ ಕೊರತೆಯಿಂದಲ್ಲ, ನಾಲ್ಕನೆಯ ತಿಂಗಳಲ್ಲಿ ನೀರು ಹಾಕುವವರು ಯಾರು ಎಂಬುದನ್ನು ಯಾರೂ ಬರೆದಿಡದೇ ಇದ್ದುದರಿಂದ. ಯುವಜನ ಸಂಘಗಳೊಡನೆ ಹಲವು ವರ್ಷ ಓಡಾಡಿದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ಬಹುತೇಕ ಸಂಘಗಳು ಕಾರ್ಯದಿಂದಲೇ ಶುರುಮಾಡುತ್ತವೆ, ಅದಕ್ಕೂ ಮುಂಚೆ ಆಗಬೇಕಾದ ನೋಟವನ್ನು ಹಾರಿಸಿಬಿಡುತ್ತವೆ. ಹಾಗಾಗಿ ಹಿರಿಯರ ಆಕ್ಷೇಪಗಳಿಗೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಮಾತು.

ಕಥೋಲಿಕ ಯುವಜನರಿಗೆ ಈ ವಿಷಯದಲ್ಲಿ ಹೊಸ ವಿಧಾನವನ್ನು ಕಂಡುಹಿಡಿಯುವ ಅಗತ್ಯವೇ ಇಲ್ಲ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ಅವರು 1925ರಲ್ಲಿ ಕಟ್ಟಿದ ಕ್ರೈಸ್ತ ಯುವ ಕಾರ್ಮಿಕರ ಚಳವಳಿಯು ‘ನೋಡು, ವಿವೇಚಿಸು, ಕಾರ್ಯಕ್ಕಿಳಿ’ ಎಂಬ ಮೂರು ಹೆಜ್ಜೆಗಳನ್ನು ರೂಢಿಗೆ ತಂದಿತು. ಎಳೆಯ ಕಾರ್ಮಿಕರು ತಮ್ಮದೇ ಬದುಕನ್ನು ತಾವೇ ವಿಚಾರಿಸಿ ನೋಡಿ, ಅದನ್ನು ಶುಭಸಂದೇಶದ ಬೆಳಕಿನಲ್ಲಿ ತೂಗಿ, ಆಮೇಲೆ ಏನು ಮಾಡಬೇಕೆಂದು ನಿರ್ಧರಿಸಬೇಕು ಎಂಬುದು ಅದರ ತಿರುಳು. ವಿಶ್ವಗುರು ಇಪ್ಪತ್ತಮೂರನೆಯ ಜಾನ್ ಅವರು 1961ರ ತಮ್ಮ ವಿಶ್ವಪತ್ರದಲ್ಲಿ ಈ ಕ್ರಮವನ್ನು ಎತ್ತಿಹಿಡಿದರು. 2015ರ ‘ಲೌದಾತೊ ಸೀ’ಯ ಆರು ಅಧ್ಯಾಯಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ತಿರುವಿಹಾಕಿದರೆ ಅಲ್ಲಿಯೂ ಇದೇ ನಡೆ ಕಾಣುತ್ತದೆ. ನಮ್ಮ ಮನೆಗೆ ಏನಾಗುತ್ತಿದೆ ಎಂಬುದು ಮೊದಲ ಅಧ್ಯಾಯ. ಸೃಷ್ಟಿಯ ಶುಭಸಂದೇಶ, ಬಿಕ್ಕಟ್ಟಿನ ಮಾನವ ಬೇರುಗಳು, ಸಮಗ್ರ ಪರಿಸರದ ಪರಿಕಲ್ಪನೆ ನಡುವಿನವು. ಕಾರ್ಯದ ಹಾದಿ ಮತ್ತು ಆಧ್ಯಾತ್ಮ ಕೊನೆಯವು. ನೀವು ಪತ್ರವನ್ನು ಓದಿದಿರಿ, ಆದರೆ ಅದು ಬರೆಯಲ್ಪಟ್ಟ ಕ್ರಮವನ್ನು ಬಿಟ್ಟು ನೇರವಾಗಿ ಐದನೆಯ ಅಧ್ಯಾಯಕ್ಕೆ ಗುದ್ದಲಿ ಹಿಡಿದು ಹೋದಿರಿ.

ನೋಡುವುದು ಎಂದರೇನು ಎಂಬುದನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ನಾನು ಜೊತೆಗಿದ್ದ ಒಂದು ಸಂಘದವರು ದೇವಾಲಯದ ಹಬ್ಬದ ಮರುದಿನ ಬೆಳಿಗ್ಗೆ ಆವರಣದ ಹಿಂಬದಿಯಲ್ಲಿ ಒಂದು ಟಾರ್ಪಾಲಿನ್ ಹಾಸಿ, ಕೈಗವಸು ಹಾಕಿಕೊಂಡು, ಹಿಂದಿನ ದಿನದ ಕಸದ ಚೀಲಗಳನ್ನೆಲ್ಲ ಒಂದೊಂದಾಗಿ ಸುರಿದು ವಿಂಗಡಿಸಲು ಕುಳಿತರು. ಮೊದಲ ಕಾಲು ಗಂಟೆ ತಮಾಷೆ, ಮೂಗು ಮುಚ್ಚಿಕೊಳ್ಳುವುದು, ಫೋಟೊ. ನಂತರ ಒಬ್ಬ ಹುಡುಗ ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳನ್ನು ಒಂದು ಬಕೆಟ್‌ಗೆ ಬಗ್ಗಿಸತೊಡಗಿದ. ಬಕೆಟ್ ತುಂಬಿತು. ಎರಡನೆಯದನ್ನು ತರಿಸಿದರು, ಅದೂ ತುಂಬಿತು. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಹೇಳುವ ‘ಲೌದಾತೊ ಸೀ’ಯ ಮೂವತ್ತನೆಯ ಪರಿಚ್ಛೇದವನ್ನು ಅವರೆಲ್ಲರೂ ಹಿಂದಿನ ತಿಂಗಳಷ್ಟೇ ಗಟ್ಟಿಯಾಗಿ ಓದಿದ್ದರು. ಆ ಎರಡು ಬಕೆಟ್‌ಗಳ ಮುಂದೆ ಅದನ್ನು ಯಾರೂ ನೆನಪಿಸಬೇಕಾಗಲಿಲ್ಲ.

ಅಷ್ಟರಲ್ಲಿ ಆವರಣವನ್ನು ಗುಡಿಸುವ ಅಮ್ಮ ಬಂದರು. ರಾಶಿಯ ಸುತ್ತ ಕುಳಿತವರನ್ನು ನೋಡಿ, “ಏನಾದರೂ ಕಳೆದುಕೊಂಡಿರಾ ಮಕ್ಕಳೇ, ಬಂಗಾರದ್ದಾ?” ಎಂದು ಕೇಳಿದರು. ವಿಷಯ ತಿಳಿದ ಮೇಲೆ ಅವರೇ ಪಕ್ಕದಲ್ಲಿ ಕುಳಿತು ಹೇಳತೊಡಗಿದರು: ಯಾವ ಕೋಣೆಯ ಚೀಲದಲ್ಲಿ ಒಡೆದ ಗಾಜು ಇರುತ್ತದೆ, ಯಾವ ಚೀಲವನ್ನು ಎತ್ತಿದರೆ ತಳದಿಂದ ಕೊಳೆತ ನೀರು ಕಾಲ ಮೇಲೆ ಸುರಿಯುತ್ತದೆ, ಹೂವಿನ ಹಾರಗಳೊಳಗೆ ಎಷ್ಟು ಸೂಜಿ, ಎಷ್ಟು ಪ್ಲಾಸ್ಟಿಕ್ ದಾರ. ಬೆರಳಿನ ಮೇಲಿದ್ದ ಹಳೆಯ ಗಾಯದ ಗೆರೆಯನ್ನು ಸಹ ತೋರಿಸಿದರು, ದೂರುವ ಧಾಟಿಯಲ್ಲಿ ಅಲ್ಲ, ಮಾಹಿತಿ ಎಂಬಂತೆ. ಆ ಧರ್ಮಕೇಂದ್ರದ ಕಸದ ಬಗ್ಗೆ ಅತ್ಯಂತ ಹೆಚ್ಚು ತಿಳಿದಿದ್ದ ವ್ಯಕ್ತಿಯನ್ನು ಅದುವರೆಗೆ ಯಾವ ಸಭೆಗೂ ಕರೆದಿರಲಿಲ್ಲ.

ಕಥೋಲಿಕ ಬೋಧನೆಯು ಸಾಮಾನ್ಯ ಪರಿಸರ ಅಭಿಯಾನಕ್ಕಿಂತ ಎಲ್ಲಿ ಭಿನ್ನವಾಗುತ್ತದೆ ಎಂದು ಹಲವರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಭಿನ್ನವಾಗುವುದು ಇಲ್ಲಿಯೇ. ಭೂಮಿಯ ಕೂಗು ಮತ್ತು ಬಡವರ ಕೂಗು ಎರಡನ್ನೂ ಕೇಳಿಸಿಕೊಳ್ಳಬೇಕು ಎಂದು ‘ಲೌದಾತೊ ಸೀ’ಯ 49ನೆಯ ಪರಿಚ್ಛೇದ ಹೇಳುತ್ತದೆ, ಒಂದು ಪರಿಸರದ್ದು, ಇನ್ನೊಂದು ಸಮಾಜದ್ದು ಎಂದು ಎರಡು ಪ್ರತ್ಯೇಕ ಬಿಕ್ಕಟ್ಟುಗಳಿಲ್ಲ, ಇರುವುದು ಒಂದೇ ಜಟಿಲ ಬಿಕ್ಕಟ್ಟು ಎಂದು 139ನೆಯದು ಸ್ಪಷ್ಟಪಡಿಸುತ್ತದೆ. ಆದ್ದರಿಂದ ನಿಮ್ಮ ಸಂಘದ ವಿವೇಚನೆಯ ಹಂತದಲ್ಲಿ ‘ಎಷ್ಟು ಕಿಲೋ ಕಸ’ ಎಂಬ ಪ್ರಶ್ನೆಯ ಜೊತೆಗೆ ‘ಇದನ್ನು ಯಾರ ಕೈ ಎತ್ತುತ್ತದೆ, ಇದು ಹೋಗಿ ಬೀಳುವ ಜಾಗದ ಪಕ್ಕದಲ್ಲಿ ಯಾರ ಮನೆಗಳಿವೆ’ ಎಂಬ ಪ್ರಶ್ನೆಯೂ ಇರಲೇಬೇಕು. ಸಾಧ್ಯವಾದರೆ ಕಸದ ವಾಹನದ ಹಿಂದೆಯೇ ಒಂದು ದಿನ ಹೋಗಿ ನೋಡಿ ಬನ್ನಿ. ಐದು ಸಾವಿರ ಜನರಿಗೆ ಊಟ ಹಂಚಿದ ಮೇಲೆ, ಏನೂ ಹಾಳಾಗದಂತೆ ಉಳಿದ ತುಂಡುಗಳನ್ನು ಕೂಡಿಸಿ ಎಂದು ಯೇಸು ಶಿಷ್ಯರಿಗೆ ಹೇಳಿದ ಮಾತು ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿದೆ. ರಾಶಿಯ ಮುಂದೆ ಕುಳಿತಿರುವಾಗಲೇ ಅದನ್ನು ಓದಿ. ತಂಪು ಕೋಣೆಯಲ್ಲಿ ಓದುವುದಕ್ಕೂ ಅಲ್ಲಿ ಓದುವುದಕ್ಕೂ ವ್ಯತ್ಯಾಸವಿದೆ.

ಇನ್ನು ಕಾರ್ಯ. ಒಂದೇ ಕೆಲಸವನ್ನು ಆರಿಸಿಕೊಳ್ಳಿ, ಅದು ನಿಮ್ಮ ಕಣ್ಣಿಗೆ ಬಿದ್ದ ರಾಶಿಯಿಂದಲೇ ಹುಟ್ಟಲಿ. ಹೆಚ್ಚಿನ ಕಡೆ ರಾಶಿಯ ದೊಡ್ಡ ಪಾಲು ಹೂವು, ಎಲೆ, ಉಳಿದ ಆಹಾರ, ಅಂದರೆ ಹಸಿ ಕಸ. ಇದನ್ನು ಒಂದರ ಮೇಲೊಂದು ಹೂತಾಗ ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲ ಹುಟ್ಟುತ್ತದೆ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಅದೇ ಕಸಕ್ಕೆ ಗಾಳಿ ಸಿಕ್ಕರೆ ಗೊಬ್ಬರವಾಗುತ್ತದೆ. ಗೊಬ್ಬರದ ತೊಟ್ಟಿಯ ಬಗ್ಗೆ ಜನರಿಗಿರುವ ಭಯ ಒಂದೇ, ವಾಸನೆ. ವಾಸನೆ ಬಂತೆಂದರೆ ಹಸಿ ಹೆಚ್ಚಾಗಿದೆ, ಒಣ ಕಡಿಮೆಯಾಗಿದೆ ಎಂದೇ ಅರ್ಥ. ಒಂದು ಬುಟ್ಟಿ ಹಸಿ ಕಸಕ್ಕೆ ಕನಿಷ್ಠ ಒಂದೆರಡು ಬುಟ್ಟಿ ಒಣ ಎಲೆಯನ್ನು ಹಾಕಿ, ವಾರಕ್ಕೊಮ್ಮೆ ತಿರುವಿಹಾಕಿ, ಒಳಗಿನದನ್ನು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳುಗಳ ನಡುವೆ ಒಂದೆರಡು ಹನಿ ಮಾತ್ರ ಕಾಣಿಸಿಕೊಂಡರೆ ತೇವ ಸರಿಯಾಗಿದೆ, ಧಾರೆಯಾಗಿ ಇಳಿದರೆ ಹೆಚ್ಚಾಗಿದೆ. ತೊಟ್ಟಿಯ ನಡುಭಾಗ ಕೈ ಇಡಲಾಗದಷ್ಟು ಬಿಸಿಯಾದ ದಿನ ಸಂಘದ ಕಿರಿಯರನ್ನೆಲ್ಲ ಕರೆದು ತೋರಿಸಿ. ಅದು ಬೆಂಕಿಯಿಲ್ಲದ ಬಿಸಿ, ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಸೃಷ್ಟಿಯ ಬಗೆಗಿನ ಎಷ್ಟೋ ಉಪದೇಶಗಳಿಗಿಂತ ಇದು ಹೆಚ್ಚು ಕಲಿಸುತ್ತದೆ.

ಬಿಸಾಡುವ ಲೋಟ, ತಟ್ಟೆಗಳ ಬದಲು ತೊಳೆದು ಬಳಸುವ ಲೋಟ, ತಟ್ಟೆಗಳಿಗೆ ಬರುವುದು ಎರಡನೆಯ ಹೆಜ್ಜೆಯಾಗಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತೊಳೆಯುವವರು ಯಾರು? ಸಂಘದ ಹುಡುಗಿಯರೇ, ಅಥವಾ ಅದೇ ಗುಡಿಸುವ ಅಮ್ಮನೇ ಪ್ರತಿ ಬಾರಿಯೂ ತೊಳೆಯುವಂತಾದರೆ ನೀವು ಭೂಮಿಯ ಮೇಲಿನ ಭಾರವನ್ನು ಇಳಿಸಿ ಅದನ್ನು ಇನ್ನೊಬ್ಬರ ಬೆನ್ನಿನ ಮೇಲೆ ಹೊರಿಸಿದಂತೆ. ಸರದಿಯ ಪಟ್ಟಿ ಹಾಕಿ, ಸಂಚಾಲಕಿಯಾದ ನಿಮ್ಮ ಹೆಸರು ಮತ್ತು ಪಾಲನಾ ಸಮಿತಿಯ ಗಂಡಸರ ಹೆಸರುಗಳೂ ಅದರಲ್ಲಿರಲಿ.

ಸಸಿ ನೆಡುವುದು ಬೇಡವೆಂದು ನಾನು ಹೇಳುತ್ತಿಲ್ಲ. ನೆಡುವ ಸಂಖ್ಯೆಯನ್ನು ಇಳಿಸಿ, ಪಾಲನೆಯ ಅವಧಿಯನ್ನು ಹೆಚ್ಚಿಸಿ ಎನ್ನುತ್ತಿದ್ದೇನೆ. ಮೊದಲು ಜಾಗವನ್ನು ನೋಡಿ: ಮೇಲೆ ವಿದ್ಯುತ್ ತಂತಿ ಇದೆಯೇ, ಹತ್ತು ವರ್ಷದ ನಂತರವೂ ಆ ಜಾಗ ಖಾಲಿ ಇರುತ್ತದೆಯೇ, ನೀರಿನ ಕೊಳಾಯಿ ಎಷ್ಟು ದೂರ. ಆ ನೆಲಕ್ಕೇ ಸೇರಿದ ಜಾತಿಯ ಮರವನ್ನು ಆರಿಸಿ. ಬುಡದ ಸುತ್ತ ಒಣ ಎಲೆಯ ಹೊದಿಕೆ ಹಾಸಿ, ಆದರೆ ಅದು ಕಾಂಡಕ್ಕೆ ತಾಗದಿರಲಿ. ಮೊದಲ ಎರಡು ಒಣ ಋತುಗಳನ್ನು ದಾಟಿಸುವ ಹೊಣೆಯನ್ನು ಹೆಸರು ಹಿಡಿದು ಒಪ್ಪಿಸಿ. ಐನೂರು ಸಸಿ ನೆಟ್ಟ ವರದಿಗಿಂತ ಮೂರನೆಯ ವರ್ಷದಲ್ಲಿ ಬದುಕಿರುವ ಇಪ್ಪತ್ತು ಮರಗಳ ವರದಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. (ಸಸಿ ನೆಡುವ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಬ್ಯಾನರ್ ಕಟ್ಟಿಸುವ ಸಂಘಗಳನ್ನು ನೋಡಿದ್ದೇನೆ. ಸಸಿ ಒಣಗಿದ ಮೇಲೂ ಬ್ಯಾನರ್ ಉಳಿದಿರುತ್ತದೆ.)

ಹತ್ತು ಹನ್ನೆರಡು ಮಂದಿ ಏನು ಮಾಡಬಲ್ಲೆವು ಎಂಬ ಸಂಘದವರ ಪ್ರಶ್ನೆಯನ್ನು ನಾನು ನಿರುತ್ಸಾಹವೆಂದು ತಳ್ಳಿಹಾಕುವುದಿಲ್ಲ, ಅದು ಸರಿಯಾದ ಪ್ರಶ್ನೆ. ವಿಶ್ವಪತ್ರವೇ ಅದಕ್ಕೆ ಎರಡು ಬದಿಯಿಂದ ಉತ್ತರಿಸುತ್ತದೆ. ನೀರನ್ನು ಮಿತವಾಗಿ ಬಳಸುವುದು, ಕಸ ವಿಂಗಡಿಸುವುದು, ಬೇಕಾದಷ್ಟೇ ಅಡುಗೆ ಮಾಡುವುದು, ಬೇಡವಾದ ದೀಪ ಆರಿಸುವುದು ಮುಂತಾದ ಸಣ್ಣ ಕೆಲಸಗಳನ್ನು 211ನೆಯ ಪರಿಚ್ಛೇದ ಹೆಸರಿಸಿ ಹೇಳುತ್ತದೆ, ಇವುಗಳಿಂದ ಜಗತ್ತು ಬದಲಾಗದು ಎಂದು ಭಾವಿಸಬೇಡಿ ಎಂದು ಅದರ ಮುಂದಿನದು ಸೇರಿಸುತ್ತದೆ. ಆದರೆ 219ನೆಯದು ಇನ್ನೊಂದು ಮಾತನ್ನು ಅಷ್ಟೇ ನೇರವಾಗಿ ಹೇಳುತ್ತದೆ: ಸಾಮಾಜಿಕ ಸಮಸ್ಯೆಗಳನ್ನು ಬಿಡಿ ವ್ಯಕ್ತಿಗಳ ಒಳ್ಳೆಯ ಕೆಲಸಗಳ ಮೊತ್ತದಿಂದ ಬಗೆಹರಿಸಲಾಗದು, ಅದಕ್ಕೆ ಸಮುದಾಯದ ಜಾಲಗಳು ಬೇಕು, ಶಾಶ್ವತ ಬದಲಾವಣೆಗೆ ಬೇಕಾದ ಪರಿಸರ ಪರಿವರ್ತನೆಯು ಸಮುದಾಯದ ಪರಿವರ್ತನೆಯೂ ಆಗಿರಬೇಕು. ನಿಮ್ಮ ಹನ್ನೆರಡು ಮಂದಿಯ ಬಲ ಇರುವುದು ಇಲ್ಲಿ. ನೀವು ನಿಮ್ಮ ನಿಮ್ಮ ಮನೆಯ ದೀಪ ಆರಿಸಿದರೆ ಅದು ಹನ್ನೆರಡು ಮನೆಯ ಲೆಕ್ಕ; ಧರ್ಮಕೇಂದ್ರ, ಅದರ ಶಾಲೆ, ಸಭಾಂಗಣ, ಗುರುನಿವಾಸ ಇವು ಏನನ್ನು ಕೊಳ್ಳುತ್ತವೆ, ಹೇಗೆ ಕಟ್ಟುತ್ತವೆ ಎಂಬ ತೀರ್ಮಾನವನ್ನು ಬದಲಾಯಿಸಿದರೆ ಅದು ಇನ್ನೊಂದೇ ಲೆಕ್ಕ.

ಹಾಗಾಗಿ ಪಾಲನಾ ಸಮಿತಿಯ ಮುಂದೆ ಹೋಗಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಕಳೆದ ಹನ್ನೆರಡು ತಿಂಗಳ ವಿದ್ಯುತ್ ಮತ್ತು ನೀರಿನ ಬಿಲ್ಲುಗಳನ್ನು ಕೇಳಿ ಪಡೆದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆವರಣದ ಎಲ್ಲ ಕೊಳಾಯಿಗಳನ್ನೂ ಒಂದು ಸುತ್ತು ನೋಡಿ ಬನ್ನಿ. ಸೆಕೆಂಡಿಗೊಂದು ಹನಿ ಸೋರುವ ಕೊಳಾಯಿಯಿಂದ ದಿನಕ್ಕೆ 86,400 ಹನಿ ಬೀಳುತ್ತದೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಅದು ನಾಲ್ಕು ಲೀಟರಿಗೂ ಹೆಚ್ಚು. ಆ ಕೊಳಾಯಿಯ ಕೆಳಗೆ ಒಂದು ಪಾತ್ರೆ ಇಟ್ಟು ಅಳೆದು, ಅಳತೆಯನ್ನೇ ಸಮಿತಿಗೆ ಹೇಳಿ. ಸೌರ ವಿದ್ಯುತ್ತಿನ ಮಾತು ಬಂದಾಗ ವ್ಯಾಟಿಕನ್ ತನ್ನ ಆರನೆಯ ಪಾಲ್ ಸಭಾಂಗಣದ ಮೇಲೆ ಸುಮಾರು 2,400 ಸೌರ ಫಲಕಗಳನ್ನು 2008ರಲ್ಲೇ ಅಳವಡಿಸಿದ್ದನ್ನು ನೆನಪಿಸಬಹುದು. ಅದು ವಿಶ್ವಗುರು ಹದಿನಾರನೆಯ ಬೆನೆಡಿಕ್ಟ್ ಅವರ ಕಾಲ, ‘ಲೌದಾತೊ ಸೀ’ಗಿಂತ ಏಳು ವರ್ಷ ಹಿಂದೆ. ಕೊಳ್ಳುವುದು ಬರಿಯ ಆರ್ಥಿಕ ಕ್ರಿಯೆಯಲ್ಲ, ಅದು ಯಾವಾಗಲೂ ನೈತಿಕ ಕ್ರಿಯೆಯೂ ಹೌದು ಎಂಬ ಮಾತು ಸಹ ಅವರದೇ. ಲೆಕ್ಕದ ಹಾಳೆ ಕೈಯಲ್ಲಿದ್ದರೆ ಯುವಜನರ ಮಾತನ್ನು ‘ಹುಡುಗರ ಹುಮ್ಮಸ್ಸು’ ಎಂದು ಬದಿಗೆ ಸರಿಸುವುದು ಕಷ್ಟವಾಗುತ್ತದೆ.

ಈಗ ಹಿರಿಯರ ಮೊದಲ ಆಕ್ಷೇಪ. ಇದು ಧರ್ಮಸಭೆಯ ಕೆಲಸವಲ್ಲ ಎನ್ನುವವರು ಸಾಮಾನ್ಯವಾಗಿ ಇದನ್ನು ಒಬ್ಬ ವಿಶ್ವಗುರುವಿನ ವೈಯಕ್ತಿಕ ಒಲವು ಎಂದು ತಿಳಿದಿರುತ್ತಾರೆ. ವಾಸ್ತವದಲ್ಲಿ ವಿಶ್ವಗುರು ಆರನೆಯ ಪಾಲ್ ಅವರು 1971ರಲ್ಲೇ ಪ್ರಕೃತಿಯ ವಿವೇಚನೆಯಿಲ್ಲದ ಶೋಷಣೆಯ ಬಗ್ಗೆ ಎಚ್ಚರಿಸಿದ್ದರು; ಎರಡನೆಯ ಜಾನ್ ಪಾಲ್ ಅವರು 1979ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರಕ್ಕಾಗಿ ದುಡಿಯುವವರ ಪಾಲಕ ಸಂತರೆಂದು ಘೋಷಿಸಿದರು, 1990ರ ವಿಶ್ವಶಾಂತಿ ದಿನದ ಸಂದೇಶವನ್ನು ಇಡಿಯಾಗಿ ಸೃಷ್ಟಿಯ ವಿಷಯಕ್ಕೇ ಮೀಸಲಿಟ್ಟರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವಂತೂ ಸೃಷ್ಟಿಯ ಸಮಗ್ರತೆಯನ್ನು ಗೌರವಿಸುವುದನ್ನು ದೇವರ ಏಳನೆಯ ಆಜ್ಞೆಯಡಿಯಲ್ಲಿ, ಅಂದರೆ ‘ಕದಿಯಬೇಡ’ ಎಂಬುದರಡಿಯಲ್ಲಿ ಇಟ್ಟಿದೆ. ಈ ಸಂಗತಿಯನ್ನು ಹೇಳಿದಾಗ ಹಿರಿಯರು ಒಂದು ಕ್ಷಣ ಯೋಚನೆಗೆ ಬೀಳುವುದನ್ನು ಕಂಡಿದ್ದೇನೆ: ಮುಂದಿನ ತಲೆಮಾರಿನ ನೀರನ್ನು ಬರಿದು ಮಾಡುವುದು ಕಳ್ಳತನದ ಸಾಲಿಗೆ ಸೇರುತ್ತದೆಯೇ? ಫ್ರಾನ್ಸಿಸರ ನಂತರ ಬಂದ ವಿಶ್ವಗುರು ಹದಿನಾಲ್ಕನೆಯ ಲಿಯೋ ಅವರೂ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, 2025ರ ಜುಲೈನಲ್ಲಿ, ಸೃಷ್ಟಿಯ ಪಾಲನೆಗಾಗಿ ಹೊಸದಾಗಿ ರೂಪುಗೊಂಡ ಬಲಿಪೂಜೆಯನ್ನು (ಮಾಸ್) ಅರ್ಪಿಸಿದರು.

ಪ್ರಕೃತಿಯನ್ನೇ ಪೂಜಿಸಿದಂತೆ ಆಗುವುದಿಲ್ಲವೇ ಎಂಬ ಅಳುಕು ಕೆಲವರಲ್ಲಿ ಪ್ರಾಮಾಣಿಕವಾಗಿಯೇ ಇರುತ್ತದೆ. ಅದನ್ನು ಗೇಲಿ ಮಾಡಬೇಡಿ. ಭೂಮಿಯನ್ನು ದೈವವಾಗಿಸುವುದು ತನ್ನ ಉದ್ದೇಶವಲ್ಲ ಎಂದು ‘ಲೌದಾತೊ ಸೀ’ ತಾನೇ ಹೇಳಿದೆ. ಮನುಷ್ಯನನ್ನು ತೋಟದಲ್ಲಿರಿಸಿದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡದ ಎರಡನೆಯ ಅಧ್ಯಾಯ ಹೇಳುತ್ತದೆ. ಮೊದಲ ಅಧ್ಯಾಯದ ‘ದೊರೆತನ ಮಾಡಿರಿ’ ಎಂಬ ಮಾತನ್ನು ಇದರ ಜೊತೆಗಿಟ್ಟೇ ಓದಬೇಕು. ಆದರೆ ಪರಿಚ್ಛೇದದ ಸಂಖ್ಯೆಗಳನ್ನು ಹಿಡಿದು ಹಿರಿಯರೊಡನೆ ವಾದಕ್ಕೆ ನಿಂತರೆ ವಾದದಲ್ಲಿ ಗೆಲ್ಲುತ್ತೀರಿ, ಹಿರಿಯರನ್ನು ಕಳೆದುಕೊಳ್ಳುತ್ತೀರಿ. ಅದಕ್ಕಿಂತ, ಅವರು ಚಿಕ್ಕವರಿದ್ದಾಗ ಈ ಆವರಣದ ಸುತ್ತ ಯಾವ ಮರಗಳಿದ್ದವು, ಬಾವಿಯ ನೀರು ಎಷ್ಟು ಆಳದಲ್ಲಿತ್ತು, ಯಾವ ಹಕ್ಕಿಗಳು ಈಗ ಬರುತ್ತಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಪ್ರತಿಯೊಬ್ಬರ ದೇವರೊಡನೆಯ ಸ್ನೇಹದ ಕಥೆ ಯಾವುದೋ ಒಂದು ಜಾಗದೊಡನೆ ಬೆಸೆದಿರುತ್ತದೆ ಎಂದು 84ನೆಯ ಪರಿಚ್ಛೇದದಲ್ಲಿ ಒಂದು ಸುಂದರವಾದ ಮಾತಿದೆ. ನೋಡುವ ಹಂತದಲ್ಲಿ ಹಿರಿಯರ ನೆನಪು ನಿಮ್ಮ ತಕ್ಕಡಿಯಷ್ಟೇ ಮುಖ್ಯವಾದ ಸಾಧನ.

ರಾಜಕೀಯ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ವೈಜ್ಞಾನಿಕ ಪ್ರಶ್ನೆಗಳನ್ನು ತೀರ್ಮಾನಿಸುವುದಾಗಲಿ ರಾಜಕೀಯದ ಸ್ಥಾನವನ್ನು ಆಕ್ರಮಿಸುವುದಾಗಲಿ ಧರ್ಮಸಭೆಯ ಕೆಲಸವಲ್ಲ ಎಂದು ವಿಶ್ವಪತ್ರವೇ ಒಪ್ಪುತ್ತದೆ. ಆದರೆ ನಾಗರಿಕರು ಅಧಿಕಾರದ ಮೇಲೆ ನಿಗಾ ಇಡದಿದ್ದರೆ ಪರಿಸರದ ಹಾನಿಯನ್ನು ತಡೆಯಲಾಗದು ಎಂದೂ, ಯೋಜನೆಗಳ ಪರಿಣಾಮವನ್ನು ಅಳೆಯುವಾಗ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕೆಂದೂ ಅದೇ ಪತ್ರ ಹೇಳುತ್ತದೆ. ಪಕ್ಷದ ಕೆಲಸ ಬೇರೆ, ಸಾರ್ವಜನಿಕ ಹಿತದ ಕೆಲಸ ಬೇರೆ. ಕಸದ ವಾಹನ ಬಾರದಿದ್ದರೆ, ಚರಂಡಿಯ ನೀರು ಕೆರೆಗೆ ಸೇರುತ್ತಿದ್ದರೆ, ಒಂದು ಪುಟದ ಮನವಿ ಬರೆಯಿರಿ: ದಿನಾಂಕ, ಜಾಗ, ಅಳತೆ, ಚಿತ್ರ, ಏನು ಆಗಬೇಕೆಂಬ ಒಂದೇ ಕೋರಿಕೆ. ನಾಗರಿಕರಾಗಿ ನಿಮ್ಮ ಹೆಸರಿನಲ್ಲೇ ಸಹಿ ಹಾಕಿ. ಗುರುಗಳ ಒಪ್ಪಿಗೆಯಿಲ್ಲದೆ ಧರ್ಮಕೇಂದ್ರದ ಹೆಸರನ್ನು ಬಳಸಬೇಡಿ. ಆ ಕೆರೆಯ ದಡದಲ್ಲಿ ಬದುಕುವ ಬೇರೆ ಧರ್ಮದವರನ್ನೂ ಸಹಿಗೆ ಕರೆಯಿರಿ, ಏಕೆಂದರೆ ‘ಲೌದಾತೊ ಸೀ’ಯನ್ನು ಈ ಗ್ರಹದ ಮೇಲೆ ಬದುಕುವ ಪ್ರತಿಯೊಬ್ಬರನ್ನೂ ಉದ್ದೇಶಿಸಿ ಬರೆಯಲಾಗಿದೆ, ಕಥೋಲಿಕರನ್ನು ಮಾತ್ರವಲ್ಲ. ಹವಾಮಾನ ಸಮ್ಮೇಳನಗಳಲ್ಲಿ ‘ಉಗ್ರರು’ ಎನಿಸಿಕೊಳ್ಳುವ ಗುಂಪುಗಳು ನಿಜವಾಗಿ ಇಡೀ ಸಮಾಜ ಖಾಲಿ ಬಿಟ್ಟ ಜಾಗವನ್ನು ತುಂಬುತ್ತಿವೆ ಎಂದು ಫ್ರಾನ್ಸಿಸ್ ಅವರು ಹವಾಮಾನ ಬಿಕ್ಕಟ್ಟಿನ ಕುರಿತ 2023ರ ‘ಲೌದಾತೆ ದೇಉಮ್’ ಪತ್ರದಲ್ಲಿ ಬರೆದರು. ಇದನ್ನು ನಿಮ್ಮ ಧೈರ್ಯಕ್ಕೆ ಇಟ್ಟುಕೊಳ್ಳಿ, ಹಿರಿಯರನ್ನು ಚುಚ್ಚುವುದಕ್ಕೆ ಬೇಡ.

ಪ್ರಾರ್ಥನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಕಸ, ಬಿಲ್ಲು, ಮನವಿಗಳ ನಡುವೆ ಸಂಘವು ಒಂದು ಸರ್ಕಾರೇತರ ಸಂಸ್ಥೆಯ ಶಾಖೆಯಂತಾಗಿಬಿಡುವ ಅಪಾಯವಿದೆ, ದಣಿದವರು ಒಬ್ಬೊಬ್ಬರಾಗಿ ಕಳಚಿಕೊಳ್ಳುವುದೂ ಅಲ್ಲಿಂದಲೇ. ಊಟಕ್ಕೆ ಮುಂಚೆ ಮತ್ತು ನಂತರ ದೇವರಿಗೆ ಕೃತಜ್ಞತೆ ಹೇಳುವ ರೂಢಿಯನ್ನು ಮರಳಿ ತನ್ನಿ ಎಂದು ವಿಶ್ವಪತ್ರ ಸೂಚಿಸುತ್ತದೆ; ತೀರಾ ಚಿಕ್ಕದೆನಿಸಿದರೂ ಬೆಳೆದವರ ದುಡಿಮೆಯನ್ನು ನೆನೆಯುವ ಕ್ಷಣ ಅದು. ಸೆಪ್ಟೆಂಬರ್ 1ರ ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನದಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದವರೆಗಿನ ‘ಸೃಷ್ಟಿಯ ಕಾಲ’ವನ್ನು ಹೊಸ ಕಾರ್ಯಕ್ರಮಗಳಿಂದ ತುಂಬಿಸುವ ಬದಲು, ವರ್ಷದ ಲೆಕ್ಕವನ್ನು ಇಡೀ ಧರ್ಮಕೇಂದ್ರದ ಮುಂದೆ ಇಡುವುದಕ್ಕೆ ಬಳಸಿಕೊಳ್ಳಿ. ಬಲಿಪೂಜೆಯ ಕಾಣಿಕೆಯ ಮೆರವಣಿಗೆಯಲ್ಲಿ ನಿಮ್ಮ ತೊಟ್ಟಿಯ ಒಂದು ಬೊಗಸೆ ಗೊಬ್ಬರವನ್ನು ಒಯ್ಯಬಹುದೇ ಎಂದು ಗುರುಗಳನ್ನು ಕೇಳಿ ನೋಡಿ.

ಕೊನೆಯದು, ದಾಖಲೆ ಪುಸ್ತಕ. ಯುವಜನ ಸಂಘದ ದೊಡ್ಡ ದೌರ್ಬಲ್ಯ ಅದರ ಸದಸ್ಯರು ಯುವಜನರಾಗಿರುವುದೇ: ಎರಡು ಮೂರು ವರ್ಷಗಳಲ್ಲಿ ಓದು, ಕೆಲಸ, ಮದುವೆ ಎಂದು ಎಲ್ಲರೂ ಚದುರುತ್ತಾರೆ, ಹೊಸಬರು ಮತ್ತೆ ಸಸಿ ನೆಡುವುದರಿಂದಲೇ ಶುರುಮಾಡುತ್ತಾರೆ. ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ತಂದು ಅದನ್ನು ಸಂಚಾಲಕರಿಂದ ಸಂಚಾಲಕರಿಗೆ ಹಸ್ತಾಂತರಿಸುವ ಪದ್ಧತಿಯನ್ನು ಈ ವರ್ಷವೇ ಹಾಕಿ. ಮೊದಲ ಪುಟದಲ್ಲಿ ಆ ಎರಡು ವರ್ಷಗಳ ಸಸಿಗಳ ಲೆಕ್ಕವನ್ನೇ ಬರೆಯಿರಿ: ಎಷ್ಟು ನೆಟ್ಟಿರಿ, ಎಲ್ಲಿ, ಯಾವ ತಿಂಗಳವರೆಗೆ ಯಾರು ನೀರು ಹಾಕಿದರು, ಎಷ್ಟು ಉಳಿದಿವೆ. ಎಣಿಸುವುದಕ್ಕೆ ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹೋಗಿ, ಕೈಯಲ್ಲಿ ಒಂದು ಕೊಡ ನೀರಿರಲಿ, ಒಣಗಿದವೆಂದು ನೀವು ಬಿಟ್ಟುಬಿಟ್ಟವುಗಳಲ್ಲಿ ಒಂದೆರಡು ಬುಡದಿಂದ ಮತ್ತೆ ಚಿಗುರಿರುವ ಸಾಧ್ಯತೆಯೂ ಇದೆ.